ಬಚ್ಚಲ ಚಿಲಕ

ನಮ್ಮ ಬಚ್ಚಲು ಮನೆಯ ಬಾಗಿಲಿಗೆ ಚಿಲಕ ಇತ್ತು, ಹಾಕುವವರು ಯಾರೂ ಇರಲಿಲ್ಲ. ಮನೆ ಕಟ್ಟಿಸಿದಾಗ ಆಚಾರಿ ಜಡಿದು ಹೋದದ್ದು. ತುಕ್ಕು ಹಿಡಿದು, ಹಾಕಬೇಕು ಎಂದರೂ ಕಲ್ಲಿನಲ್ಲಿ ಕುಟ್ಟಬೇಕಾಗಿತ್ತು. ಒಂದು ಮಧ್ಯಾಹ್ನ ನಾನು ಹತ್ತಿ ಬಿಡಿಸಿ ಹೊಲದಿಂದ ಬಂದಾಗ ಆ ಚಿಲಕಕ್ಕೆ ಯಾರೋ ಹರಳೆಣ್ಣೆ ಬಿಟ್ಟಿದ್ದರು. ಎಣ್ಣೆ ಬಾಗಿಲ ಹಲಗೆಯ ಮೇಲೆ ಕೆಳಗಿನವರೆಗೂ ಇಳಿದಿತ್ತು. ಒಳಗೆ ನೀರು ಹುಯ್ದುಕೊಳ್ಳುವ ಸದ್ದು. ತಳ್ಳಿದೆ. ಬಾಗಿಲು ಅಲ್ಲಾಡಲಿಲ್ಲ.

"ಯಾಕ್ ಬಾವ, ಚಿಲ್ಕ ಹಾಕ್ಕಂಡಿದ್ದೀಯ?"

ನೀರಿನ ಸದ್ದು ನಿಂತಿತು. ನಾನು ನಿಂತೇ ಇದ್ದೆ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ನೀರಿನ ಸದ್ದು.

ಅವನು ನನ್ನ ಗಂಡ. ಸೋದರತ್ತೆಯ ಮಗ. ಲಂಗ ಹಾಕುವ ಕಾಲದಿಂದ ಬಾವ ಎಂದು ಕರೆದವಳು ನಾನು, ಮದುವೆಯಾದ ಮೇಲೂ ಅದೇ ಉಳಿಯಿತು. ಜನದ ಮುಂದೆ ಕೂಡ ನಾನು ಅವನನ್ನು ನೀನು ಎಂದೇ ಮಾತಾಡಿಸಿದ್ದು. ಇಲ್ಲಿಯೂ ಹಾಗೇ ಹೇಳುತ್ತೇನೆ. ಈಗ ಮರ್ಯಾದೆ ಕೊಟ್ಟು ಹೇಳಿದರೆ ಅದು ಬೇರೆ ಯಾರದೋ ಗಂಡನ ಕತೆಯಾಗುತ್ತದೆ.

ನಮ್ಮ ಕಡೆ ಎಣ್ಣೆನೀರಿನ ದಿನ ಗಂಡನ ಬೆನ್ನು ಉಜ್ಜುವುದು ಹೆಂಡತಿಯ ಕೆಲಸ. ಎಲ್ಲ ಮನೆಯಲ್ಲೂ ಉಂಟು. ಆದರೆ ನಾನು ಬಂದ ಮನೆಯಲ್ಲಿ ಅತ್ತೆ, ಮಾವ, ಮೂವರು ನಾದಿನಿಯರು, ಆಮೇಲೆ ನನ್ನ ಇಬ್ಬರು ಹೆಣ್ಣುಮಕ್ಕಳು, ಎಲ್ಲರೂ ಒಂದೇ ಹಜಾರದಲ್ಲಿ ಮಲಗಬೇಕು. ಬಾಗಿಲು ಇದ್ದ ಜಾಗ ಎಂದರೆ ಬಚ್ಚಲು ಒಂದೇ. ಗಂಡ ಹೆಂಡತಿ ಮಾತಾಡಬೇಕಾದರೂ ಅಲ್ಲೇ, ಜಗಳವಾಡಬೇಕಾದರೂ ಅಲ್ಲೇ, ಇನ್ನೊಂದಕ್ಕೂ ಅಲ್ಲೇ. ಅವನು ಒಳಗಿನಿಂದ "ಅಮ್ಮಿ, ಬೆನ್ನುಜ್ಜು ಬಾ" ಎನ್ನುತ್ತಿದ್ದ. ನಾನು ಒಲೆಗೆ ಇನ್ನೊಂದು ಹಿಡಿ ಹತ್ತಿಕಡ್ಡಿ ತುರುಕಿ, ಸೆರಗು ಸಿಕ್ಕಿಸಿ ಹೋಗುತ್ತಿದ್ದೆ. ಅತ್ತೆಗೆ ಗೊತ್ತಿತ್ತು. ಅವಳೂ ಅದೇ ಬಚ್ಚಲಲ್ಲಿ ಬಾಳಿದವಳು. ಮಕ್ಕಳು ಆ ಕಡೆ ಹೋದರೆ ಕೂಗಿ ಕರೆದು ಕೈಗೆ ಬೆಲ್ಲ ಕೊಡುತ್ತಿದ್ದಳು.

ಅತ್ತೆ ಮಾವ ಹೋದರು. ಮಕ್ಕಳು ಮದುವೆಯಾಗಿ ಹೋದರು, ಒಬ್ಬಳು ಮಿರ್ಲೆಗೆ, ಒಬ್ಬಳು ಹುಣಸೂರಿಗೆ. ಮನೆ ಖಾಲಿಯಾಯಿತು, ಎಲ್ಲ ಬಾಗಿಲೂ ನಮ್ಮವೇ ಆದವು. ಆದರೂ ಅವನು ಕರೆಯುವುದು ಬಚ್ಚಲಿಂದಲೇ. ಅರವತ್ತು ದಾಟಿದರೂ ಕರೆದ. ನಾನೂ ಹೋದೆ. ವಯಸ್ಸಾದವರಿಗೆ ಅದೆಲ್ಲ ಇರುವುದಿಲ್ಲ ಎಂದುಕೊಂಡವರು ವಯಸ್ಸಾದವರನ್ನು ಕೇಳಿದವರಲ್ಲ.

ಅವನಿಗೆ ಅರವತ್ತಾರು, ನನಗೆ ಅರವತ್ತೊಂದು. ಆಗ ಶುರುವಾಯಿತು. ಉಚ್ಚೆ ಹೊಯ್ಯಲು ಬೇಲಿ ಹತ್ತಿರ ಹೋದವನು ಬರುವುದೇ ಇಲ್ಲ. ಎತ್ತು ಕಟ್ಟಿ ಬರುವಷ್ಟು ಹೊತ್ತು ನಿಂತಿರುತ್ತಾನೆ, ಹನಿ ಹನಿ. ಸರಗೂರಿನ ಡಾಕ್ಟರು ಮಾತ್ರೆ ಕೊಟ್ಟರು. ಆಮೇಲೆ ರಕ್ತ ನೋಡಿ, ಮಾತಾಡದೆ ಒಂದು ಚೀಟಿ ಬರೆದು ಮೈಸೂರಿಗೆ ಕಳಿಸಿದರು. ಮಾತಿನ ಮನುಷ್ಯ ಅವರು. ಅವತ್ತು ಮಾತಾಡದೇ ಇದ್ದದ್ದು ನನಗೆ ಹಿಡಿಸಲಿಲ್ಲ.

ಮೈಸೂರಿನಲ್ಲಿ ಹಿಂದಿನಿಂದ ಸೂಜಿ ಹಾಕಿ ಚೂರು ತೆಗೆದರು. ಹದಿನೈದು ದಿನ ಬಿಟ್ಟು ಕರೆದು ಕೂರಿಸಿದರು. ಡಾಕ್ಟರು ನಡುವಯಸ್ಸಿನವರು, ಒಳ್ಳೆಯವರೇ.

"ಯಜಮಾನ್ರೇ, ಉಚ್ಚೆ ಚೀಲದ ಕೆಳಗೆ ಗಂಡಸರಿಗೆ ಒಂದು ಗ್ರಂಥಿ ಇರುತ್ತೆ, ಪ್ರಾಸ್ಟೇಟ್ ಅಂತ. ಅದರಲ್ಲಿ ಕ್ಯಾನ್ಸರ್ ಇದೆ. ಗ್ರಂಥಿ ದಾಟಿ ಸುತ್ತ ಹರಡಿದೆ, ಕುಯ್ದು ತೆಗೆಯೋ ಹಾಗಿಲ್ಲ. ಆದರೆ ಮೂಳೆಗೆ ಹೋಗಿಲ್ಲ. ಅದು ನಿಮ್ಮ ಪುಣ್ಯ."

"ಮತ್ತೆ ಏನ್ ಮಾಡೀರಿ?" ಎಂದ ಇವನು.

"ಈ ಕಾಯಿಲೆಗೆ ಊಟ ಯಾವುದು ಗೊತ್ತಾ? ಗಂಡಸರ ಮೈಯಲ್ಲಿ ಗಂಡಸುತನಕ್ಕೆ ಅಂತ ಒಂದು ರಸ ಬರುತ್ತಲ್ಲ, ಅದು. ಅದನ್ನ ನಿಲ್ಲಿಸಿಬಿಟ್ಟರೆ ಕಾಯಿಲೆ ಉಪವಾಸ ಬೀಳುತ್ತೆ. ಮೂರು ತಿಂಗಳಿಗೊಂದು ಇಂಜೆಕ್ಷನ್. ಹೊಟ್ಟೆಗೆ. ಒಂದೂ ತಪ್ಪಿಸಬಾರದು."

ಆಮೇಲೆ ಕಾಗದ ನೋಡಿಕೊಂಡು, "ಆ ಆಸೆ ಎಲ್ಲ ಹೋಗುತ್ತೆ. ಶಕ್ತೀನೂ ಹೋಗುತ್ತೆ. ಈ ವಯಸ್ಸಲ್ಲಿ ಅದೇನು ತೊಂದರೆ ಇಲ್ಲ ಬಿಡಿ" ಎಂದರು.

ತೊಂದರೆ ಇಲ್ಲ ಎಂದು ಅವರಿಗೆ ಯಾರು ಹೇಳಿದರೋ. ನಾನು ಹೇಳಿರಲಿಲ್ಲ. ಅವನ ಮುಖ ನೋಡಿದೆ. ಅವನು ಗೋಡೆಯ ಮೇಲಿದ್ದ ಒಂದು ಚಿತ್ರ ನೋಡುತ್ತಿದ್ದ, ಸೊಂಟದ ಮೂಳೆಯ ಚಿತ್ರ.

ನಾವು ಏಳುವಾಗ ಡಾಕ್ಟರು ನನ್ನನ್ನು ನಿಲ್ಲಿಸಿದರು. "ಅಮ್ಮಾ, ಒಂದು ಮಾತು ನೆನಪಿಟ್ಟುಕೊಳ್ಳಿ. ಇದು ಮೂಳೆಗೆ ಹೋದರೆ ಮೊದಲು ಬೆನ್ನುಮೂಳೆಗೇ ಹೋಗೋದು. ಬೆನ್ನು ನೋವು ಅಂದರೆ ಅದೇ ದಿನ ಕರೆದುಕೊಂಡು ಬನ್ನಿ. ಮುಲಾಮು ಹಚ್ಚಿಕೊಂಡು ಕೂತರೆ ಕಾಲು ಬಿದ್ದುಹೋಗುತ್ತೆ."

ಬೆನ್ನು ಎಂದರು. ನಲವತ್ತೈದು ವರ್ಷ ನನ್ನ ಕೈಲಿದ್ದದ್ದು ಆ ಬೆನ್ನು. ಎಲ್ಲಿ ಮಚ್ಚೆ, ಎಲ್ಲಿ ನೊಗ ತಗುಲಿದ ಗಾಯದ ಕಲೆ, ಕಣ್ಣು ಮುಚ್ಚಿ ಹೇಳುತ್ತಿದ್ದೆ. ನೋಡಿಕೊಳ್ಳುತ್ತೇನೆ ಬಿಡಿ ಎಂದೆ. ಅಷ್ಟು ಸುಲಭ ಎಂದುಕೊಂಡಿದ್ದೆ.

ಮೊದಲ ಇಂಜೆಕ್ಷನ್ ಆದ ಮೇಲೆ ಹೊಟ್ಟೆಯ ಮೇಲೆ ಅವರೆಕಾಳಿನಷ್ಟು ಗಂಟು ನಿಂತಿತು. ಒಂದು ವಾರ ಇದ್ದು ಕರಗಿತು. ಮೂರು ತಿಂಗಳಿಗೆ, ಕಾಯಿಲೆ ಅಳೆಯುವ ರಕ್ತದ ನಂಬರು ಇಳಿಯಿತು. ಅಕ್ಷರ ನನಗೆ ತೊಡಕು, ಮೂರನೇ ಕ್ಲಾಸಿಗೆ ಬಿಟ್ಟವಳು. ಅಂಕಿ ಓದುತ್ತೇನೆ. ಡಾಕ್ಟರು ಕಾಗದ ತೋರಿಸಿ ನಕ್ಕರು.

ಕಾಯಿಲೆ ಇಳಿದ ಹಾಗೆ ಇವನೂ ಇಳಿದ. ಇದ್ದಕ್ಕಿದ್ದ ಹಾಗೆ ಮುಖ ಕೆಂಪಗಾಗಿ ಬೆವರು ಕಿತ್ತುಕೊಳ್ಳುತ್ತಿತ್ತು. ಮಳೆಗಾಲದ ಚಳಿಯಲ್ಲಿ ಜಗಲಿಯ ಮೇಲೆ ಅಂಗಿ ಬಿಚ್ಚಿ ಕೂತು ಮೊರದಲ್ಲಿ ಗಾಳಿ ಬೀಸಿಕೊಳ್ಳುತ್ತಿದ್ದ. ಹೆಗಲ ಟವೆಲು ಹಿಂಡಿದರೆ ನೀರು. ನನಗೆ ನಗು ಬಂತು. ಮುಟ್ಟು ನಿಂತ ವರ್ಷ ನನಗೂ ಇದೇ ಬೇಗೆ ಬಂದಿತ್ತು, ಆಗ ಇವನು ನಗುತ್ತಿದ್ದ.

"ಈಗ ಗೊತ್ತಾಯ್ತಾ ಬಾವ? ನಾನು ಆಗ ಉರಿ ಉರಿ ಅಂದ್ರೆ, ಏನ್ ಮೆಣ್ಸಿನಕಾಯಿ ತಿಂದಿದ್ದೀಯಾ ಅಂತಿದ್ದೆ."

"ನಾನೇನ್ ಎಂಗಸಾ?" ಎಂದ.

ನಾನು ಆಡಿದ್ದು ತಮಾಷೆಗೆ. ಅವನು ಕೇಳಿದ್ದು ತಮಾಷೆಗಲ್ಲ. ಅದಾದ ವಾರದಲ್ಲೇ ಚಿಲಕಕ್ಕೆ ಎಣ್ಣೆ ಬಿದ್ದದ್ದು.

ಆಮೇಲೆ ದಿನವೂ ಚಿಲಕ. ಒಳಗೇ ಒರೆಸಿಕೊಂಡು ಅಂಗಿ ತೊಟ್ಟೇ ಹೊರಗೆ ಬರುವನು. ಹಾಸಿಗೆಯನ್ನು ಹಜಾರದ ಆ ಮೂಲೆಗೆ ಎಳೆದುಕೊಂಡ. ನನಗೆ ಆಸೆಯಾಗಿತ್ತು, ಇಲ್ಲ ಎನ್ನುವುದಿಲ್ಲ. ಅದಿಲ್ಲದಿದ್ದರೆ ಬೇಡ, ಸುಮ್ಮನೆ ಬೆನ್ನಾದರೂ ಕೊಡಲಿ ಎಂದಿತ್ತು. ಅದನ್ನು ಹೇಳಲು ನನಗೆ ಮಾತು ಇರಲಿಲ್ಲ. ನಲವತ್ತೈದು ವರ್ಷ ಅವನು ಕರೆಯುವುದು, ನಾನು ಹೋಗುವುದು. ನಾನೇ ಕರೆದ ಅಭ್ಯಾಸವಿಲ್ಲ. ಅದರ ಜೊತೆಗೆ ಡಾಕ್ಟರ ಮಾತು. ಆ ಬಾಗಿಲ ಹಿಂದೆ ಬೆನ್ನು ಏನಾಗಿದೆಯೋ, ನನ್ನ ಕೈಗೆ ಸಿಗುತ್ತಿಲ್ಲ. "ಬೆನ್ನು ನೋವೈತಾ?" ಎಂದು ದಿನಕ್ಕೆರಡು ಸಲ ಕೇಳಿದೆ. "ಇಲ್ಲ ಬುಡು" ಎಂದು ಎರಡು ಸಲವೂ ಹೇಳಿದ.

ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗಲಿಲ್ಲ. ನನ್ನ ತಮ್ಮನಿಗೆ ಹೇಳಿದೆ. ತಮ್ಮ ಬೀಚನಹಳ್ಳಿಯಲ್ಲಿ ಇರುವವನು, ನಾಲೆಗೆ ನೀರು ಬಿಡುವ ಕೆಲಸ. ವಾರಕ್ಕೊಂದು ಸಲ ಮೀನು ಹಿಡಿದುಕೊಂಡು ಬರುತ್ತಾನೆ. ಮೀನು ಉಜ್ಜುತ್ತಾ ಕೂತಿದ್ದಾಗ ಬಾಯಿ ಬಿಟ್ಟೆ. ಇಂಜೆಕ್ಷನ್ ಯಾತಕ್ಕೆ, ಅದು ಏನನ್ನು ನಿಲ್ಲಿಸುತ್ತದೆ, ಎಲ್ಲ ಹೇಳಿದೆ. ಅವನು "ಅಯ್ಯೋ ಬಾವ" ಎಂದ. "ಯಾರ್ಗೂ ಯೋಳ್ಬೇಡ ಕಣ್ಲಾ" ಎಂದೆ. "ನಾನ್ಯಾಕ್ ಯೋಳ್ಲಿ ಅಕ್ಕ" ಎಂದ.

ಬಾವ ಬಾವಮೈದ ಎಂದರೆ ನಮ್ಮಲ್ಲಿ ಹೇಗೆ ಎಂದು ಎಲ್ಲರಿಗೂ ಗೊತ್ತು. ಏನು ಬೇಕಾದರೂ ಆಡಬಹುದು. ಹತ್ತು ಜನರ ಮುಂದೆ ಸೊಂಟದ ಕೆಳಗಿನದನ್ನೇ ಆಡಬೇಕು, ಕೇಳಿದವನು ನಗಬೇಕು. ನಗದಿದ್ದರೆ ಅವನೇ ಸಣ್ಣವನು. ನನ್ನ ಮದುವೆಯ ದಿನದಿಂದ ಇವರಿಬ್ಬರದೂ ಅದೇ ಆಟ. ಅದನ್ನು ನಾನು ಮರೆತದ್ದು ಹೇಗೆ? ಹೇಳಬಾರದವನನ್ನೇ ಹುಡುಕಿ ಹೇಳಿದೆ.

ನಾಲ್ಕನೇ ಇಂಜೆಕ್ಷನ್ ಆಗಿ ಒಂದು ತಿಂಗಳಿರಬಹುದು. ನಮ್ಮ ಹೋರಿಕರು ಬೆಳೆದಿತ್ತು, ನೊಗಕ್ಕೆ ಕಟ್ಟಬೇಕು, ಬೀಜ ಒಡೆಸಬೇಕು. ಸರಗೂರಿನಿಂದ ದನದ ಡಾಕ್ಟರು ಇಕ್ಕಳ ತಂದರು. ಊರಿನಲ್ಲಿ ಯಾರ ಹೋರಿಗೆ ಬೀಜ ಒಡೆಸಿದರೂ ಮುಂಗಾಲಿನ ಹಗ್ಗ ಹಿಡಿಯುವವನು ನನ್ನ ಗಂಡ. ಕೆಡವಿ ಹಿಡಿದನೆಂದರೆ ಕದಲುವಂತಿಲ್ಲ, ಅಂಥ ಹಿಡಿತ. ಅವತ್ತು ಮನೆ ಮುಂದೆ ಏಳೆಂಟು ಜನ ಸೇರಿದ್ದರು, ನನ್ನ ತಮ್ಮನೂ ಇದ್ದ. ಹೋರಿ ಒಂದು ಸಲ ಒದರಿತು, ಮುಗಿಯಿತು. ಇವನು ಏದುಸಿರು ಬಿಡುತ್ತಾ ಹಗ್ಗ ಹಿಡಿದೇ ಕೂತಿದ್ದ, ಬೆವರು ಸುರಿಯುತ್ತಿತ್ತು.

ತಮ್ಮ ಎಂದ, "ಬಾವ, ಮೂರ್ ಮೂರ್ ತಿಂಗ್ಳಿಗೆ ಮೈಸೂರ್ಗೋಗಿ ಯಾಕ್ ಸೂಜಿ ಚುಚ್ಚುಸ್ಕತೀಯ? ಡಾಕ್ಟ್ರು ಇಲ್ಲೇ ಅವ್ರೆ, ಇಕ್ಳ ಬಿಸೀಗದೆ. ನೀನೂ ಇಂಗೇ ಮನಿಕೊ, ಒಂದೇ ಸಲುಕ್ ಆಗೋಯ್ತದೆ."

ಎಲ್ಲರೂ ನಕ್ಕರು. ಅವರಿಗೆ ಅರ್ಥವಾಗಿ ನಕ್ಕದ್ದಲ್ಲ, ಬಾವಮೈದ ಆಡಿದ ಎಂದು ನಕ್ಕರು. ದನದ ಡಾಕ್ಟರೂ ನಕ್ಕರು. ನನ್ನ ಗಂಡನೂ ನಕ್ಕ. "ಮೊದ್ಲು ನಿಂಗಾಕ್ಸನ ಬಾರ್ಲಾ, ನಿಮ್ಮೂರ್ ಎಂಗಸ್ರ ಮಾನ ಉಳೀತದೆ" ಎಂದ. ಮತ್ತೆ ನಗು. ನಾನು ಬಾಗಿಲಲ್ಲಿ ನಿಂತಿದ್ದೆ. ನಗುತ್ತಲೇ ನನ್ನ ಕಡೆ ತಿರುಗಿದ. ಬಾಯಿ ನಗುತ್ತಿತ್ತು.

ಜನ ಹೋದ ಮೇಲೆ ಒಳಗೆ ಬಂದು ನೀರು ಕುಡಿದ.

"ನೀನೇ ಯೋಳಿದ್ದಾ?"

"ಊಂ."

ಚೊಂಬು ಕೆಳಗಿಟ್ಟ. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

ಮುಂದಿನ ಇಂಜೆಕ್ಷನ್ ದಿನ ಬಂದಾಗ ನಾನು ಸೀರೆ ಉಟ್ಟು ರೆಡಿಯಾದೆ. ಯಾವಾಗಲೂ ಇಬ್ಬರೂ ಹೋಗುತ್ತಿದ್ದೆವು. "ನೀನ್ಯಾಕೆ, ಬಸ್ಸಲ್ ನೂಕಾಟ. ನಾನೇ ಓಗಿ ಬತ್ತೀನಿ, ದನ ನೋಡ್ಕೊ" ಎಂದ. ಬೆಳಗಿನ ಬಸ್ಸಿಗೆ ಹೋದ, ಸಂಜೆಯ ಬಸ್ಸಿಗೆ ಬಂದ. ಅಂಗಿ ಎತ್ತಿ ಹೊಟ್ಟೆಯ ಮೇಲಿನ ಪ್ಲಾಸ್ಟರು ತೋರಿಸಿದ. ಅವನಾಗಿ ಎತ್ತಿ ತೋರಿಸಿದ್ದು ಅದೇ ಮೊದಲು. ಅದರ ಮುಂದಿನ ಸಲವೂ ಹಾಗೇ ಒಬ್ಬನೇ ಹೋದ, ಹಾಗೇ ತೋರಿಸಿದ. ರಕ್ತದ ಕಾಗದ ಎಲ್ಲಿ ಎಂದರೆ, "ಡಾಕ್ಟ್ರತ್ರನೇ ಅದೆ" ಎಂದ.

ಆ ವರ್ಷ ಮಳೆ ಚೆನ್ನಾಗಿತ್ತು. ರಾಗಿ ಮೊಣಕಾಲು ಮುಟ್ಟುವ ಹೊತ್ತಿಗೆ ಒಂದು ದಿನ ಗಮನಿಸಿದೆ, ಅವನ ಟವೆಲು ಒಣಗಿದೆ. ಮಾರನೆಯ ದಿನವೂ ಒಣಗಿದೆ. ಮೊರ ಅಟ್ಟದ ಮೇಲೆ ಹೋಗಿದೆ. ಬೇಗೆ ನಿಂತಿದೆ. ಉಳುವಾಗ ಎತ್ತುಗಳಿಗೆ ಬೈಯುವ ದನಿ ಮೊದಲಿನ ಹಾಗೆ ಹೊಲದಾಚೆಗೆ ಕೇಳಿಸುತ್ತಿದೆ. ಗಡ್ಡ ಎರಡು ದಿನಕ್ಕೇ ಚುಚ್ಚುತ್ತದೆ. ಔಷಧಿ ಒಗ್ಗಿತು ಎಂದುಕೊಂಡೆ. ಎಂದುಕೊಳ್ಳಲು ಇಷ್ಟವಾಗಿತ್ತು.

ಮೂರನೇ ಸಲ ಅವನೊಬ್ಬನೇ ಹೋಗಿ ಬಂದು ಎರಡು ದಿನವಾಗಿತ್ತು. ಮಧ್ಯಾಹ್ನ. ನಾನು ಹಿತ್ತಲಲ್ಲಿ ಹುರುಳಿ ಕೇರುತ್ತಿದ್ದೆ. ಚಿಲಕ ತೆಗೆದ ಸದ್ದು ಕೇಳಿತು.

"ಅಮ್ಮಿ, ಬೆನ್ನುಜ್ಜು ಬಾ."

ಮೊರ ಕೆಳಗಿಟ್ಟೆ. ಹುರುಳಿ ಚೆಲ್ಲಿತು. ಆಯ್ದುಕೊಳ್ಳಲಿಲ್ಲ.

ಒಳಗೆ ಹೊಗೆ, ಬಿಸಿನೀರಿನ ಹಬೆ. ಅವನು ಕಲ್ಲಿನ ಮೇಲೆ ಕೂತಿದ್ದ. ಎದೆ ಹುಡುಗಿಯರ ಎದೆಯ ಹಾಗೆ ಸ್ವಲ್ಪ ಊದಿತ್ತು. ಓ, ಇದಕ್ಕೇ ಚಿಲಕ, ಎಂದುಕೊಂಡೆ. ಅವನು ನಾನು ನೋಡಿದ್ದನ್ನು ನೋಡಿದ. ಕೈ ಅಡ್ಡ ಇಡಲಿಲ್ಲ. ನಾನು ಹೀರೇನಾರು ತೆಗೆದುಕೊಂಡು ಬೆನ್ನು ಉಜ್ಜಿದೆ. ಮೇಲಿನಿಂದ ಕೆಳಗೆ, ಒಂದೊಂದು ಗೆಣ್ಣೂ ಒತ್ತಿ ನೋಡಿದೆ. ಎಲ್ಲೂ ನೋವೆನ್ನಲಿಲ್ಲ. ಒಂದು ಚೊಂಬು ನೀರು ಹುಯ್ದೆ. ಹೊಟ್ಟೆಯ ಮೇಲಿದ್ದ ಪ್ಲಾಸ್ಟರು ನೆಂದು, ಒಂದು ಮೂಲೆ ಬಿಟ್ಟು, ನನ್ನ ಕೈಗೇ ಬಂತು.

ಅದರ ಕೆಳಗೆ ಏನೂ ಇರಲಿಲ್ಲ. ಸೂಜಿಯ ಗುರುತಿಲ್ಲ. ಅವರೆಕಾಳಿನ ಗಂಟಿಲ್ಲ. ಬಿಳೀ ಚರ್ಮ.

ಎರಡು ದಿನಕ್ಕೆ ಆ ಗಂಟು ಕರಗುವುದಿಲ್ಲ, ಅದು ನನಗೆ ಗೊತ್ತು. ಬೇಗೆ ಯಾಕೆ ನಿಂತಿತು, ದನಿ ಯಾಕೆ ಬಂತು, ಇವನು ಯಾಕೆ ಕರೆದ, ಎಲ್ಲ ಒಂದೇ ಸಲ ಗೊತ್ತಾಯಿತು. ಉಪವಾಸ ಬಿದ್ದಿದ್ದಕ್ಕೆ ಇವನು ಮತ್ತೆ ಊಟ ಹಾಕುತ್ತಿದ್ದಾನೆ. ಇವನು ಗಂಡಸಾದಷ್ಟೂ ಅದು ಕೊಬ್ಬುತ್ತದೆ.

ಪ್ಲಾಸ್ಟರನ್ನು ಮೋರಿಗೆ ಬಿಟ್ಟೆ. ಇನ್ನೊಂದು ಚೊಂಬು ನೀರು ಹುಯ್ದೆ. ಅದು ತೇಲಿಕೊಂಡು ಹೋಯಿತು.

ಆಗ ಕೇಳಬೇಕಿತ್ತು. ಕೇಳಲಿಲ್ಲ. ಯಾಕೆಂದರೆ ಅವನ ಕೈ ನನ್ನ ಸೊಂಟದ ಮೇಲಿತ್ತು. ಎರಡು ವರ್ಷವಾಗುತ್ತಾ ಬಂದಿತ್ತು ಆ ಕೈ ಬಂದು. ನನಗೂ ಬೇಕಿತ್ತು. ಬೇರೆ ಕಾರಣ ಹೇಳಿದರೆ ಸುಳ್ಳು.

ನಾಳೆ ಕೇಳುತ್ತೇನೆ ಎಂದುಕೊಂಡೆ. ಮಾರನೆಯ ದಿನ ಅವನು ಪೇಟೆಯಿಂದ ನನಗೆ ಹೂ ತಂದ. ಇನ್ನೊಂದು ವಾರ ಬಿಟ್ಟು ಎಂದುಕೊಂಡೆ. ಮುಂದಿನ ಎಣ್ಣೆನೀರಿಗೂ ಕರೆದ. ಹೀಗೇ ರಾಗಿ ತೆನೆಯಾಯಿತು, ಕೊಯ್ಲಾಯಿತು, ಮೆದೆ ಹಾಕಿದ್ದಾಯಿತು. ಹುಣಸೂರಿನ ಮಗಳು ಬಂದವಳು, "ಅವ್ವ, ಅಪ್ಪ ಎಷ್ಟ್ ಚೆನ್ನಾಗ್ ಆಗವ್ರೆ! ಔಸ್ದಿ ಕೆಲ್ಸ ಮಾಡದೆ" ಎಂದಳು. ನಾನು ಒಲೆ ಊದಿದೆ. ಪ್ರತಿ ಸಲ ಬಚ್ಚಲಿಗೆ ಹೋದಾಗಲೂ ಮೊದಲು ನನ್ನ ಹೆಬ್ಬೆರಳು ಬೆನ್ನುಮೂಳೆಯ ಮೇಲೆ ಇಳಿಯುತ್ತಿತ್ತು, ಆಮೇಲೆ ಮಿಕ್ಕದ್ದು. ನೋವಿಲ್ಲದಿದ್ದರೆ ಇನ್ನೊಂದು ವಾರ ನಮ್ಮದು ಎಂದುಕೊಳ್ಳುತ್ತಿದ್ದೆ. ಕಾಡಂಚಿನ ಹೊಲದಲ್ಲಿ ಆನೆ ಇಳಿದದ್ದು ಗೊತ್ತಿದ್ದೂ ಇನ್ನೊಂದು ಸಾಲು ಕೊಯ್ದು ಬರುತ್ತೇನೆ ಎನ್ನುತ್ತಾರಲ್ಲ, ಹಾಗೆ.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಉಜ್ಜುತ್ತಿದ್ದೆ. ಸೊಂಟದಿಂದ ಒಂದು ಗೇಣು ಮೇಲೆ, ಬೆನ್ನುಮೂಳೆಯ ಮೇಲೆ ನಾರು ಹೋಯಿತು. ಅವನ ಮೈಯೆಲ್ಲ ಬಿಗಿಯಿತು. ಕೈಲಿದ್ದ ಚೊಂಬು ಕಲ್ಲಿನ ಮೇಲೆ ಬಿದ್ದು ಉರುಳಿತು.

"ಅಲ್ ಉಜ್ಬ್ಯಾಡ."

ನಾನು ನಾರು ಕೆಳಗಿಟ್ಟೆ. "ಯಾವತ್ತಿಂದ?"

"ರಾಗಿ ಕುಯ್ಲಿಂದ."

"ನಾನ್ ಒತ್ ನೋಡ್ದಾಗ ಸುಮ್ಕಿದ್ದೆ?"

"ಅಲ್ಲು ಕಚ್ಕಂಡು ತಡ್ಕಂಡಿದ್ದೆ."

"ನಂಗ್ಯಾಕ್ ಯೋಳ್ನಿಲ್ಲ?"

ಅವನು ತಿರುಗಿ ನೋಡಲಿಲ್ಲ. ಹಂಡೆಯ ಕಡೆಗೇ ಮುಖ ಇಟ್ಟು ಎಂದ, "ಪ್ಲಾಸ್ಟ್ರು ಕಿತ್ತೋಗಿ ನಿನ್ ಕೈಗ್ ಬಂತಲ್ಲ. ನೀನ್ಯಾಕ್ ಕೇಳ್ನಿಲ್ಲ?"

ಗೊತ್ತಿತ್ತು ಅವನಿಗೆ. ನನಗೆ ಗೊತ್ತಿರುವುದು ಅವನಿಗೆ ಗೊತ್ತಿತ್ತು. ಐದು ತಿಂಗಳು ಇಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು ಆ ಬಾಗಿಲನ್ನು ಒತ್ತಿಹಿಡಿದಿದ್ದೆವು. ಒಲೆ ಆರುತ್ತಿತ್ತು. ಉರುಳಿದ ಚೊಂಬು ಎತ್ತಿಟ್ಟೆ.

"ಮೈಸೂರ್ಗೆ ಅಂತ ಓಗ್ತಿದ್ದಲ್ಲ, ಎಲ್ಲಿಗ್ ಓಗ್ತಿದ್ದೆ?"

"ದಾರೀಲಿ ಕೋಟೆ ಪ್ಯಾಟೇಲೇ ಇಳ್ಕತಿದ್ದೆ. ಸಂತೆ ಇದ್ರೆ ಸಂತೆ. ಇಲ್ದಿದ್ರೆ ಬಸ್‌ಸ್ಟ್ಯಾಂಡಲ್ಲಿ ಕೂತಿರ್ತಿದ್ದೆ. ಮೆಡಿಕಲ್ನಾಗೆ ಪ್ಲಾಸ್ಟ್ರು ತಕತಿದ್ದೆ."

ಇಡೀ ದಿನ ಕೋಟೆಯ ಬಸ್‌ಸ್ಟ್ಯಾಂಡಿನಲ್ಲಿ, ಕೈಲಿ ಆಸ್ಪತ್ರೆಯ ಫೈಲು ಇಟ್ಟುಕೊಂಡು, ಸಂಜೆಯ ಬಸ್ಸಿಗೆ ಕಾಯುತ್ತಾ ಕೂತ ಮನುಷ್ಯ. ಅದನ್ನು ನೆನೆದರೆ ನನಗೆ ಈಗಲೂ ಸಿಟ್ಟೇ ಬರುತ್ತದೆ, ಅಳು ಬರುವುದಿಲ್ಲ.

ಮಾರನೆಯ ದಿನ ಕರೆದುಕೊಂಡು ಹೋದೆ. ಬಸ್ಸು ಹತ್ತುವಾಗ ಎಡಗಾಲು ಮೆಟ್ಟಿಲಿಗೆ ಸಿಗಲಿಲ್ಲ. ಎರಡನೇ ಸಲ ಸಿಕ್ಕಿತು. ಇಬ್ಬರೂ ನೋಡಿದೆವು.

ಡಾಕ್ಟರು ಬೈದರು, ಬೈಸಿಕೊಂಡೆವು. ರಕ್ತದ ನಂಬರು ನಾನೇ ಓದಿದೆ. ಮೊದಲ ದಿನ ಇದ್ದದ್ದಕ್ಕಿಂತ ಮೇಲೆ ಹೋಗಿತ್ತು. ಚಿತ್ರ ತೆಗೆದರು. ಬೆನ್ನುಮೂಳೆಯಲ್ಲಿ, ಸೊಂಟದಲ್ಲಿ, ಪಕ್ಕೆಯಲ್ಲಿ ಕಪ್ಪು ಕಪ್ಪು. "ಇಂಜೆಕ್ಷನ್ ಕೆಲಸ ಶುರು ಮಾಡೋಕೆ ವಾರಗಟ್ಟಲೆ ಬೇಕು. ಅಷ್ಟು ಟೈಮಿಲ್ಲ. ಕಾಲು ಉಳೀಬೇಕು ಅಂದ್ರೆ ಎರಡೂ ಬೀಜ ತೆಗೆದುಬಿಡೋದು ಒಳ್ಳೇದು. ಸಣ್ಣ ಆಪರೇಷನ್. ಬೆನ್ನಿಗೆ ಕರೆಂಟು, ಅಂದ್ರೆ ರೇಡಿಯೇಷನ್, ಕೊಡ್ತೀವಿ. ಯೋಚನೆ ಮಾಡಿ ಸಂಜೆಗೆ ಹೇಳಿ" ಎಂದು ಹೋದರು.

ಜೊತೆಗಿದ್ದ ಚಿಕ್ಕ ಡಾಕ್ಟರಮ್ಮ ಹೋಗಲಿಲ್ಲ. ಪರದೆ ಎಳೆದು ಸ್ಟೂಲಿನ ಮೇಲೆ ಕೂತಳು. ನನ್ನ ಮೊಮ್ಮಗಳ ವಯಸ್ಸು.

"ಅಜ್ಜಿ, ಇಂಜೆಕ್ಷನ್ ಯಾಕೆ ಬಿಟ್ರು? ನಿಮ್ಮಿಬ್ರ ಮಧ್ಯೆ ಅದರಿಂದ ಕಷ್ಟ ಆಯ್ತಾ?"

ಇಷ್ಟು ವರ್ಷಕ್ಕೆ ಯಾರಾದರೂ ಕೇಳಿದ್ದು ಅದೇ ಮೊದಲು. ನಾನು ಹೌದು ಎಂದೆ. ಅವನು ಗೋಡೆಯ ಕಡೆ ತಿರುಗಿದ. ಆ ಹುಡುಗಿ ನಾಚಲಿಲ್ಲ. ಆಸೆ ಹೋಗುವುದು ಔಷಧಿಯಿಂದ, ಅವರ ತಪ್ಪಲ್ಲ ಎಂದಳು. ಎದೆ ಊದುವುದು, ಬೇಗೆ, ಇವಕ್ಕೆಲ್ಲ ಏನಾದರೂ ಮಾಡಬಹುದಿತ್ತು, ಹೇಳಿಕೊಳ್ಳಬೇಕಿತ್ತು ಎಂದಳು. ಅದು ಒಂದೇ ಅಲ್ಲ ಅಜ್ಜಿ, ಪಕ್ಕದಲ್ಲಿ ಮಲಗೋದು, ಮೈ ಮುಟ್ಟೋದು, ಅದನ್ನೂ ಬಿಟ್ಟರೆ ಕಾಯಿಲೆಗಿಂತ ಅದೇ ಜಾಸ್ತಿ ನೋವು ಎಂದಳು. ಎರಡು ವರ್ಷ ಮುಂಚೆ ಈ ಸ್ಟೂಲಿನ ಮೇಲೆ ಯಾರಾದರೂ ಕೂತಿದ್ದರೆ ಸಾಕಿತ್ತು. ಆದರೆ ಆಗ ಕೇಳಿದ್ದರೆ ನಾವು ಬಾಯಿ ಬಿಡುತ್ತಿದ್ದೆವೋ ಇಲ್ಲವೋ. ಅದೂ ಗೊತ್ತಿಲ್ಲ.

ಅವಳು ಹೋದ ಮೇಲೆ ಅವನು ಗೋಡೆಯ ಕಡೆಯಿಂದಲೇ ಕೇಳಿದ.

"ಏನ್ ಮಾಡನಮ್ಮಿ?"

"ತಗ್ಸಾಕು."

"ಆಮೇಲೆ ಮನೇಲಿ ಇಟ್ಕತೀಯಾ?"

"ಬಸವನ್ನ ಊರ್ ಮೇಲೆ ಬುಡ್ತರೆ. ಮನೇಲ್ ಕಟ್ಕಳದು ಎತ್ತನ್ನೇ ಕಣ್ ಬಾವ."

ಬೆನ್ನು ಅಲ್ಲಾಡಿತು. ನಕ್ಕನೋ ಅತ್ತನೋ, ನಾನು ಸುತ್ತಿಬಂದು ನೋಡಲಿಲ್ಲ. ಸಂಜೆ ಡಾಕ್ಟರು ಬಂದಾಗ ಅವನೇ ಕಾಗದ ಇಸಿದುಕೊಂಡು ರುಜು ಹಾಕಿದ.

ಆಪರೇಷನ್ ಆಯಿತು, ಬೆನ್ನಿಗೆ ಕರೆಂಟು ಕೊಟ್ಟರು. ಕಾಲು ಉಳಿಯಿತು, ಎಡಗಾಲು ಎಳೆಯುತ್ತದೆ. ಕೋಲು ಹಿಡಿದು ಹಟ್ಟಿಯವರೆಗೆ ಹೋಗಿಬರುತ್ತಾನೆ. ಬೇಗೆ ಮತ್ತೆ ಬಂದಿದೆ, ಅಟ್ಟದ ಮೊರ ಕೆಳಗೆ ಇಳಿದಿದೆ. ಈಗ ನಾನೇ ಬೀಸುತ್ತೇನೆ.

ತಮ್ಮ ಮೀನು ಹಿಡಿದುಕೊಂಡು ಬಂದ. ಬಾಗಿಲಲ್ಲೇ ನಿಂತ, ಒಳಗೆ ಬರಲಾರ. ಇವನು ಜಗಲಿಯಿಂದಲೇ ಕೂಗಿದ, "ಬಾರ್ಲಾ, ಯಾಕ್ ನಿಂತ್ಕಂಡೆ? ಇಕ್ಳ ತಂದಿಯಾ? ಇನ್ನೇನೂ ಇಲ್ಲ ಕಣ್ಲಾ, ಎಲ್ಲ ಮೈಸೂರಿಗೇ ಕೊಟ್ಟು ಬಂದೆ." ತಮ್ಮ ನಗಬೇಕಿತ್ತು, ಅದೇ ರೂಢಿ. ಮೀನಿನ ಚೀಲ ಕೆಳಗಿಟ್ಟು, ಬಾವನ ಕಾಲ ಹತ್ತಿರ ಕೂತು ಅತ್ತ. ಗಂಡಸು ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ. "ಏಳ್ಲಾ, ಮೀನ್ ಕೆಡ್ತದೆ" ಎಂದು ನಾನು ಚೀಲ ಎತ್ತಿಕೊಂಡೆ. ಅವನನ್ನು ನಾನು ಬೈಯಲಿಲ್ಲ. ಬೈದರೆ ಎರಡನೆಯದು ನನಗೇ ಬೀಳಬೇಕು.

ಬಚ್ಚಲ ಚಿಲಕವನ್ನು ಆಚಾರಿಯ ಕೈಲಿ ಕೀಳಿಸಿದೆ. ನಾಲ್ಕು ಮೊಳೆಯ ತೂತು ಉಳಿದಿದೆ. ಈಗ ಅವನು ಕರೆಯುವುದಿಲ್ಲ, ನಾನೇ ಕರೆಯುತ್ತೇನೆ. "ಬಾವ, ನೀರ್ ಕಾದದೆ ಬಾ." ಕೋಲು ಊರಿಕೊಂಡು ಬರುತ್ತಾನೆ, ಕಲ್ಲಿನ ಮೇಲೆ ಕೂರುತ್ತಾನೆ, ಏನನ್ನೂ ಮುಚ್ಚಿಕೊಳ್ಳುವುದಿಲ್ಲ. ನಾನು ಎಣ್ಣೆ ಹಚ್ಚಿ ಮೆತ್ತಗೆ ಉಜ್ಜುತ್ತೇನೆ, ಹೀರೇನಾರು ಬಿಟ್ಟು ಬರಿಗೈಯಲ್ಲಿ. ಕೆಲವು ಸಲ ಉಜ್ಜುವುದು ಮುಗಿದ ಮೇಲೂ ಅವನು ಏಳುವುದಿಲ್ಲ, ನನ್ನ ಮೊಣಕಾಲಿಗೆ ಬೆನ್ನು ಒರಗಿಸುತ್ತಾನೆ. ನೀರು ಆರುವವರೆಗೆ ಹಾಗೇ ಕೂತಿರುತ್ತೇವೆ.

ಮುಟ್ಟಬಾರದ ಜಾಗ ಒಂದಿದೆ. ಸೊಂಟದಿಂದ ಒಂದು ಗೇಣು ಮೇಲೆ. ಅದನ್ನು ಬಿಟ್ಟು ಸುತ್ತ ಉಜ್ಜುತ್ತೇನೆ. ಆಸ್ಪತ್ರೆಯಿಂದ ಬಂದಾಗ ಅದು ನನ್ನ ಅಂಗೈಯಷ್ಟು ಅಗಲ ಇತ್ತು. ಯುಗಾದಿಯ ಎಣ್ಣೆನೀರಿಗೆ ಎರಡು ಅಂಗೈಯಾಗಿತ್ತು. ಮೊನ್ನೆ ಪಕ್ಕೆಯ ಹತ್ತಿರ ಇನ್ನೊಂದು ಕಡೆ, "ಅಲ್ಲೂ ಬ್ಯಾಡ" ಎಂದ. ಸರಿ ಎಂದೆ. ಇನ್ನೂ ಹೆಗಲು ಉಳಿದಿದೆ. ಕತ್ತು ಉಳಿದಿದೆ. ಅಲ್ಲಿ ಉಜ್ಜಿದೆ.